ಅಂಗೈ ತುರಿಸಿದ್ರೆ ದುಡ್ಡು, ಅಂಗಾಲು ತುರಿಸಿದ್ರೆ ಪ್ರಯಾಣ

ನಮ್ಮ ಕಡೆ ಒಂದು ಮಾತುಂಟು, ಅಂಗೈ ತುರಿಸಿದ್ರೆ ದುಡ್ಡು ಬರ್ತದೆ, ಅಂಗಾಲು ತುರಿಸಿದ್ರೆ ಪ್ರಯಾಣ. 2017ರ ಜುಲೈಯಲ್ಲಿ ನನಗೆ ಎರಡು ಅಂಗೈ ಎರಡು ಅಂಗಾಲು ಎಲ್ಲ ಒಟ್ಟಿಗೇ ತುರಿಸ್ಲಿಕ್ಕೆ ಶುರುವಾದಾಗ ಅಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ತಾ "ನಿನಗೆ ದುಡ್ಡು ಕಟ್ಟಿಕೊಂಡು ದುಬಾಯಿಗೆ ಹೋಗುವ ಯೋಗ ಉಂಟು ಮಗಾ" ಅಂದಿದ್ರು. ನಾನೂ ನಕ್ಕಿದ್ದೆ. ಸೀಮಂತ ಮುಗಿಸಿ ಕಾಸರಗೋಡಿನ ಪೆರ್ಲದ ತವರಿಗೆ ಬಂದು ಹದಿನೈದು ದಿನ ಆಗಿತ್ತಷ್ಟೆ, ಎಂಟನೇ ತಿಂಗಳು, ಹೊರಗೆ ಹೊಯ್ಯುವ ಮಳೆ, ಮಾಡ್ಲಿಕ್ಕೆ ಕೆಲ್ಸ ಇಲ್ಲ, ನಗ್ಲಿಕ್ಕೆ ಏನಾದ್ರೂ ಒಂದು ಸಾಕಿತ್ತು.

ನಾಲ್ಕನೇ ರಾತ್ರಿಗೆ ನಗು ಹೋಯ್ತು.

ಅದು ಎಂಥ ತುರಿಕೆ ಅಂತ ಹೇಳಿದ್ರೆ ಗೊತ್ತಾಗುದಿಲ್ಲ, ಚರ್ಮದ ಮೇಲೆ ಅಲ್ಲ, ಒಳಗೆಲ್ಲೋ, ಉಗುರು ತಲುಪದ ಜಾಗದಲ್ಲಿ. ಹಗಲು ಹೇಗೋ ಸಹಿಸ್ಬಹುದು. ರಾತ್ರಿ ಹತ್ತು ಗಂಟೆ ಕಳೆದು ದೀಪ ಆರಿಸಿ ಮಲಗಿದ್ರೆ ಪಾದದಿಂದ ಶುರು. ಬಾಚಣಿಗೆಯಲ್ಲಿ ಕೆರೆದೆ, ತೆಂಗಿನ ನಾರಲ್ಲಿ ಉಜ್ಜಿದೆ, ಎದ್ದು ಹೋಗಿ ಬಚ್ಚಲಲ್ಲಿ ತಣ್ಣೀರಲ್ಲಿ ಕಾಲಿಟ್ಟು ನಿಂತೆ, ಕಾವಿ ನೆಲಕ್ಕೆ ಅಂಗಾಲು ಒತ್ತಿ ಕೂತೆ, ಆ ತಂಪು ಎರಡು ನಿಮಿಷಕ್ಕೆ ಬಿಸಿ ಆಗ್ತದೆ, ಮತ್ತೆ ಸ್ವಲ್ಪ ಸರಿದು ಬೇರೆ ಜಾಗಕ್ಕೆ ಒತ್ತೋದು, ಹೀಗೆ ಸರಿದು ಸರಿದು ಬೆಳಗ್ಗೆ ಐದಕ್ಕೆ ಅಮ್ಮ ಎದ್ದು ಬರುವಾಗ ನಾನು ಚಾವಡಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಲುಪಿರ್ತಿದ್ದೆ.

ತಮಾಷೆ ಎಂತದು ಅಂದ್ರೆ ಮೈಮೇಲೆ ಒಂದು ಗುಳ್ಳೆ ಇಲ್ಲ. ದದ್ದು ಇಲ್ಲ, ಕಜ್ಜಿ ಇಲ್ಲ. ಇದ್ದದ್ದು ನಾನೇ ಕೆರೆದ ಗೆರೆಗಳು ಮಾತ್ರ. ಜ್ವರಕ್ಕೆ ಥರ್ಮಾಮೀಟರ್ ಉಂಟು, ವಾಂತಿ ಆದ್ರೆ ಕಣ್ಣಿಗೆ ಕಾಣ್ತದೆ, ತುರಿಕೆಗೆ ಸಾಕ್ಷಿ ಯಾರು?

ಕಾರಣ ಹೇಳುವವರಿಗೆ ಮಾತ್ರ ಬರ ಇರ್ಲಿಲ್ಲ. ಆಗ ತೋಟಕ್ಕೆ ಮದ್ದು ಬಿಡುವ ಸಮಯ, ಮೈಲುತುತ್ತು ಸುಣ್ಣ ಕಲಸಿದ ಅಂಗಿ ನಾನು ಮುಟ್ಟಿರ್ಬೇಕು ಅಂತ ಅಮ್ಮ. ಮಗುವಿಗೆ ತಲೆಗೂದಲು ಬರ್ತಾ ಉಂಟು, ಅದು ಚುಚ್ಚುದು ಅಂತ ಆಚೆಮನೆಯವರು (ಹೊಟ್ಟೆಯೊಳಗಿನ ಕೂದಲು ಅಂಗಾಲಿಗೆ ಹೇಗೆ ಚುಚ್ಚುದು ಅಂತ ಕೇಳ್ಬಾರ್ದು). ಅಜ್ಜಿ ಮಾತ್ರ ಒಂದೇ ಶಬ್ದ, "ಪಿತ್ತ." ಪಿತ್ತ ಕೆರಳಿದೆ, ಕೊತ್ತಂಬರಿ ಕಷಾಯ ಕುಡಿ. ಅಜ್ಜಿಗೆ ತಲೆಸುತ್ತಿದ್ರೂ ಪಿತ್ತ, ಕೋಪ ಬಂದ್ರೂ ಪಿತ್ತ, ಹಾಗಾಗಿ ನಾವ್ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೋಡಿದ್ರೆ ಇಡೀ ಊರಲ್ಲಿ ಸರಿಯಾಗಿ ಹೇಳಿದವರು ಅವರೊಬ್ರೇ.

ನಾನು ತೋರಿಸ್ತಾ ಇದ್ದ ಡಾಕ್ಟ್ರ ಹತ್ರ ಹೇಳಿದೆ. ಗರ್ಭಿಣಿಯರಿಗೆ ತುರಿಕೆ ಮಾಮೂಲು, ಹೊಟ್ಟೆ ಚರ್ಮ ಎಳೀತದಲ್ಲ, ಕ್ಯಾಲಮೈನ್ ಹಚ್ಚಿ ಅಂದ್ರು. ಹೊಟ್ಟೆ ಅಲ್ಲ ಡಾಕ್ಟ್ರೇ, ಅಂಗಾಲು ಅಂದೆ. ಹೊರಗೆ ನಲ್ವತ್ತು ಜನ ಕಾಯ್ತಾ ಇದ್ರು, ಅವರಿಗೆ ಅದು ಕೇಳಿಸಿತೋ ಇಲ್ವೋ. ಅವರನ್ನು ಬೈಲಿಕ್ಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಗರ್ಭಿಣಿಯರ ತುರಿಕೆಯಲ್ಲಿ ಹೆಚ್ಚಿನದ್ದು ನಿಜವಾಗ್ಲೂ ಚರ್ಮದ್ದೇ. ಆದ್ರೆ ಹೊಟ್ಟೆ ಅಲ್ಲ ಅಂಗಾಲು ಅನ್ನುವ ಆ ಒಂದು ಮಾತಲ್ಲಿ ಇಡೀ ಕಾಯಿಲೆ ಇತ್ತು ಅಂತ ನನಗೇ ಗೊತ್ತಿರ್ಲಿಲ್ಲ, ಗೊತ್ತಿದ್ರೆ ಸ್ವಲ್ಪ ದೊಡ್ಡ ಸ್ವರದಲ್ಲಿ ಹೇಳ್ತಿದ್ದೆ.

ಹಿಡಿದದ್ದು ಒಬ್ಬ ನರ್ಸ್. ಐರನ್ ಮಾತ್ರೆ ತರ್ಲಿಕ್ಕೆ ಸರಕಾರಿ ಆಸ್ಪತ್ರೆಗೆ ಹೋಗಿದ್ದೆವು ನಾನೂ ಅಮ್ಮನೂ. ಬಿಪಿ ನೋಡುವಾಗ ನನ್ನ ಕೈ ಮೇಲಿನ ಗೆರೆ ಕಂಡು ಆ ಚೇಚಿ ಪಟ್ಟಿ ಬಿಚ್ಚದೇ ಹಾಗೇ ನಿಂತ್ರು. "ರಾತ್ರಿ ಉರಕ್ಕಂ ಉಂಡೋ?" ನಿದ್ದೆ ಉಂಟಾ ಅಂತ. ಇಲ್ಲ ಅಂದೆ. ಉಳ್ಳಂಕೈಯಲ್ಲಾ, ಅಂದ್ರೆ ಅಂಗೈಯಲ್ಲಾ, ಕಾಲಿನ ಅಡಿಯಲ್ಲಾ ಅಂತ ಕೇಳಿದ್ರು. ನನಗೆ ಅಳು ಬಂತು, ಹದಿನೈದು ದಿನದಲ್ಲಿ ಮೊದಲ ಸಲ ಒಬ್ರು ಸರಿಯಾದ ಪ್ರಶ್ನೆ ಕೇಳಿದ್ದು. ಮೂತ್ರದ ಬಣ್ಣ ಕೇಳಿದ್ರು. ಗಾಢ ಹಳದಿ ಆಗಿತ್ತು, ನೀರು ಕಡಿಮೆ ಕುಡೀತೇನೆ ಅಂತ ಅಂದ್ಕೊಂಡಿದ್ದೆ. ಆಮೇಲೆ ಅಮ್ಮನ ಕಡೆ ತಿರುಗಿ "ಕರಳಿಂಡೆ ಟೆಸ್ಟ್ ಚೆಯ್ಯಣಂ" ಅಂದ್ರು.

ಇಲ್ಲಿ ನಮ್ಮ ಗಡಿನಾಡಿನ ಕಥೆ ಹೇಳ್ಬೇಕು. ಅಮ್ಮನಿಗೆ ಮಲಯಾಳಂ ಬಸ್ಸಿಗೆ ಅಂಗಡಿಗೆ ಬೇಕಾದಷ್ಟೇ. ಅವಳಿಗೆ ಕೇಳಿದ್ದು ಕರುಳು. ಬಸ್ಸಿಳಿದು ಗುಡ್ಡೆ ಹತ್ತುವಾಗ ನೋಡ್ತೇನೆ, ಸೆರಗಲ್ಲಿ ಕಣ್ಣೊರೆಸ್ತಾ ಇದ್ದಾಳೆ. ಎಂತ ಅಮ್ಮ ಅಂದ್ರೆ "ಮಗುವಿಗೆ ಕರುಳು ಸುತ್ತಿದ್ಯಂತಲ್ಲ ಮಗಾ." ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡರೆ ನಮ್ಮಲ್ಲಿ ಹಾಗೆ ಹೇಳ್ತಾರಲ್ಲ. ಇಲ್ಲಮ್ಮ, ಮಲಯಾಳಂನಲ್ಲಿ ಕರಳ್ ಅಂದ್ರೆ ಲಿವರ್ ಅಂದೆ. ಲಿವರಿಗೂ ತುರಿಕೆಗೂ ಎಂತ ಸಂಬಂಧ ಅಂತ ಅವಳು. ನನಗೂ ಗೊತ್ತಿರ್ಲಿಲ್ಲ. ಸ್ಕೂಲಲ್ಲಿ ನಾವು ಕನ್ನಡ ಮೀಡಿಯಂ, ಪಿತ್ತಜನಕಾಂಗ ಅಂತ ಬಾಯಿಪಾಠ ಮಾಡಿ ಚಿತ್ರಕ್ಕೆ ಬಾಣ ಹಾಕಿ ಎರಡು ಮಾರ್ಕು ತಗೊಂಡವರು, ಪಿತ್ತವನ್ನು ಹುಟ್ಟಿಸುವ ಅಂಗ ಅಂತ ಶಬ್ದವನ್ನು ಒಡೆದು ನೋಡಿದ್ದೇ ಇಲ್ಲ.

ಆ ಸಂಜೆಯ ರಿಪೋರ್ಟಲ್ಲಿ, ಲಿವರ್ ನೊಂದ್ರೆ ರಕ್ತದಲ್ಲಿ ಏರುವ ಒಂದು ಕಿಣ್ವ, ಎಸ್‌ಜಿಪಿಟಿ 186. ಇರಬೇಕಾದ್ದು ಹೆಚ್ಚು ಅಂದ್ರೆ ನಲ್ವತ್ತರ ಆಸುಪಾಸು. ಬಿಲಿರುಬಿನ್ ಚೂರು ಮೇಲೆ. ಆಲ್ಕಲೈನ್ ಫಾಸ್ಫಟೇಸ್ ಅಂತ ಇನ್ನೊಂದು ಸಾಲು ಕೂಡ ದಪ್ಪ ಅಕ್ಷರದಲ್ಲಿತ್ತು, ಅದನ್ನು ನೋಡಿ ಮೊದಲು ಗಾಬರಿಯಾದದ್ದು, ಆದ್ರೆ ಅದು ಲೆಕ್ಕಕ್ಕಿಲ್ಲವಂತೆ, ಗರ್ಭಿಣಿಯರಲ್ಲಿ ಮಾಸುಚೀಲವೂ ಅದನ್ನು ತಯಾರಿಸ್ತದೆ, ಹಾಗಾಗಿ ಎಲ್ಲರಿಗೂ ಏರ್ತದೆ. ಅಂಗೈ ಕೆಂಪಾಗೋದು ಕೂಡ ಹಾಗೇ, ಬೇರೆಯವರಲ್ಲಿ ಅದು ಲಿವರ್ ಕೆಟ್ಟ ಗುರುತು ಆಗಿರಬಹುದು, ಗರ್ಭಿಣಿಯರಲ್ಲಿ ಮಾಮೂಲು. ಆದ್ರೆ ಎಸ್‌ಜಿಪಿಟಿ ಎಸ್‌ಜಿಒಟಿ ಎರಡು ಲಿವರ್ ಕಿಣ್ವ ಮಾತ್ರ ಬಸುರಲ್ಲಿ ಏರ್ಬಾರ್ದು. ಏರಿದ್ರೆ ಬಸುರಿನ ಮೇಲೆ ಹಾಕಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಕಾರಣ ಹುಡುಕ್ಲೇಬೇಕು.

ಮಂಗಳೂರಿಗೆ ಹೋದೆವು. ನಮ್ಮ ಊರಿಂದ ಆಸ್ಪತ್ರೆ ಅಂದ್ರೆ ಮಂಗಳೂರೇ, ರಾಜ್ಯ ಬೇರೆ ಆದ್ರೂ. ಪಿತ್ತಾಮ್ಲದ ಟೆಸ್ಟ್, ಅಂದ್ರೆ ಬೈಲ್ ಆಸಿಡ್ಸ್, ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದ್ರು, ನಾಲ್ಕು ದಿನ ಆಯ್ತು ಬರ್ಲಿಕ್ಕೆ. 52. ಈಗಿನ ಲೆಕ್ಕದಲ್ಲಿ ಹತ್ತೊಂಬತ್ತರ ಕೆಳಗೆ ಇರ್ಬೇಕು. ಕಾಯಿಲೆಯ ಹೆಸರು ಕೊಲೆಸ್ಟಾಸಿಸ್ ಆಫ್ ಪ್ರೆಗ್ನೆನ್ಸಿ, ಬಸುರಲ್ಲಿ ಪಿತ್ತ ಕಟ್ಟಿಕೊಳ್ಳೋದು.

ಆ ಡಾಕ್ಟ್ರು ಒಂದು ಕಾಗದದ ಹಿಂದೆ ಚಿತ್ರ ಬರೆದು ತೋರಿಸಿದ್ರು. ಲಿವರ್ ಪಿತ್ತ ಮಾಡ್ತದೆ, ಅದು ಸಣ್ಣ ನಾಳದಲ್ಲಿ ಇಳಿದು ಕರುಳಿಗೆ ಹೋಗ್ಬೇಕು, ಅಲ್ಲಿ ನಾವು ತಿಂದ ಜಿಡ್ಡನ್ನು ಕರಗಿಸ್ಬೇಕು. ಲಿವರಿನ ಜೀವಕೋಶದಿಂದ ಪಿತ್ತವನ್ನು ಹೊರಗೆ ದೂಡುವ ಪಂಪುಗಳಿರ್ತವೆ. ಕೆಲವರಲ್ಲಿ ಆ ಪಂಪು ಹುಟ್ಟಿನಿಂದಲೇ ಸ್ವಲ್ಪ ನಿಧಾನ, ಮಾಮೂಲು ದಿನದಲ್ಲಿ ಗೊತ್ತಾಗುದೇ ಇಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಈಸ್ಟ್ರೋಜನ್ ಪ್ರೊಜೆಸ್ಟರಾನ್ ಎರಡೂ ತುಂಬಿ ಹರಿಯುವಾಗ ಆ ಪಂಪು ಸೋಲ್ತದೆ, ಪಿತ್ತ ವಾಪಸ್ ರಕ್ತಕ್ಕೆ ಬರ್ತದೆ, ಅದೇ ತುರಿಕೆ. ನನಗೆ ತಟ್ಟಂತ ಹೊಳೆದದ್ದು ಬೇರೆ. ಮಲಯಾಳಂನ ಕರಳಿಂದ ಕನ್ನಡದ ಕರುಳಿಗೆ ಹೋಗ್ಬೇಕಾದ್ದು ನಡುವಲ್ಲಿ ತಡೆದು ನಿಂತಿದೆ. ಅಮ್ಮ ತಪ್ಪಾಗಿ ಕೇಳಿಸಿಕೊಂಡದ್ದು ಅರ್ಧ ಸರಿಯೇ ಇತ್ತು, ಅಜ್ಜಿ ಹೇಳಿದ ಪಿತ್ತ ಪೂರ್ತಿ ಸರಿ. ಕೊತ್ತಂಬರಿ ಕಷಾಯ ಮಾತ್ರ ಉಪಯೋಗ ಇಲ್ಲ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇದು ಹೆಚ್ಚಂತೆ, ಸ್ವೀಡನ್ ಕಡೆ ಚಳಿಗಾಲದಲ್ಲಿ ಹೆಚ್ಚಂತೆ. ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿದ್ದಾರೆ, ಅಲ್ಲಿ ಒಟ್ಟು ಬಸುರಿಯರಲ್ಲಿ ಶೇಕಡಾ 0.7, ಆದ್ರೆ ಭಾರತ ಪಾಕಿಸ್ತಾನ ಮೂಲದವರಲ್ಲಿ ಶೇಕಡಾ 1.2ರಿಂದ 1.5. ಅಂದ್ರೆ ನೂರಕ್ಕೆ ಒಬ್ಬಳಿಗಿಂತ ಮೇಲೆ. ಇಷ್ಟು ಜನರಿಗೆ ಬರುವ ಕಾಯಿಲೆಗೆ ನಮ್ಮ ಯಾವ ಭಾಷೆಯಲ್ಲೂ ಒಂದು ಮನೆಮಾತಿನ ಹೆಸರಿಲ್ಲ, ಏಳು ಭಾಷೆಯ ಊರು ಅಂತ ನಾವು ಹೇಳ್ಕೊಳ್ಳೋದು ಬೇರೆ.

ತಾಯಿಗೆ ಇದರಿಂದ ಜೀವಕ್ಕೆ ಅಪಾಯ ಕಡಿಮೆ. ನಿದ್ದೆ ಹೋಗ್ತದೆ, ತಲೆ ಕೆಡ್ತದೆ, ಜಿಡ್ಡು ಜೀರ್ಣ ಆಗದೇ ವಿಟಮಿನ್ ಕೆ ಕಮ್ಮಿ ಆದ್ರೆ ಹೆರಿಗೆಯಲ್ಲಿ ರಕ್ತಸ್ರಾವದ ಹೆದರಿಕೆ. ತಲೆ ಕೆಡುದು ಅಂತ ಬರೀ ಬಾಯಿಮಾತಿಗೆ ಹೇಳ್ತಾ ಇಲ್ಲ, ಮೂರು ವಾರ ನಿದ್ದೆ ಇಲ್ಲದೇ ಇದ್ರೆ ಮನುಷ್ಯ ಎಂತ ಆಗ್ತಾನೆ ಅಂತ ನಾನು ಕಂಡಿದ್ದೇನೆ, ಒಂದು ರಾತ್ರಿ ಕತ್ತಿ ತಗೊಂಡು ಪಾದದ ಚರ್ಮ ಕೆತ್ತಿದ್ರೆ ಹೇಗೆ ಅಂತ ಸಮಾಧಾನದಲ್ಲಿ ಕೂತು ಯೋಚನೆ ಮಾಡಿದ್ದೆ. ನಿಜವಾದ ಅಪಾಯ ಒಳಗಿರುವ ಮಗುವಿಗೆ. ಅವಧಿಗೆ ಮೊದಲೇ ಹುಟ್ಟೋದು, ಮತ್ತೆ ಹೇಳ್ಲಿಕ್ಕೆ ಬಾಯಿ ಬಾರದ್ದು, ಹೊಟ್ಟೆಯಲ್ಲೇ ಹೋಗಿಬಿಡೋದು. ಡಾಕ್ಟ್ರು ಉರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಟ್ರು, ವಾರಕ್ಕೊಮ್ಮೆ ರಕ್ತ ತೆಗೆದ್ರು, 37 ವಾರ ಆದ ಕೂಡಲೇ ನೋವು ಬರಿಸಿದ್ರು. ಹುಡುಗಿ, ಎರಡು ಕಿಲೋ ಆರುನೂರು. ಹೆತ್ತ ಮೂರನೇ ರಾತ್ರಿ ಮಗು ಅತ್ತು ಎಚ್ಚರ ಆಯ್ತು, ಹಾಲು ಕೊಡ್ತಾ ಕೊಡ್ತಾ ನೋಡ್ತೇನೆ, ನನ್ನ ಕೈ ಸುಮ್ಮನೆ ಇದೆ. ಕಾಲು ಸುಮ್ಮನೆ ಇದೆ. ಮಾಸು ಹೊರಗೆ ಬಂದ ಮೇಲೆ ಈ ಕಾಯಿಲೆ ತಾನಾಗೇ ಇಳಿದು ಹೋಗ್ತದೆ, ಬಂದ ದಾರಿಯಲ್ಲೇ.

ದೊಡ್ಡಮ್ಮನ ಸುದ್ದಿ ಬಂದದ್ದು ಆ ಬಾಣಂತನದಲ್ಲಿ. ಅಮ್ಮ ತಲೆಗೆ ಎಣ್ಣೆ ಹಾಕ್ತಾ ಇದ್ದವಳು ಕೈ ನಿಲ್ಲಿಸಿ "ಅಕ್ಕನಿಗೂ ಲಿವರೇ ಅಲ್ವಾ ಹಾಗಾದ್ರೆ" ಅಂದಳು, ಯಾರ ಹತ್ರವೋ ಅನ್ನುವ ಹಾಗೆ.

ಅಮ್ಮನ ಅಕ್ಕ ತೀರಿ ಹೋದದ್ದು 1979ರ ಮಳೆಗಾಲದಲ್ಲಿ. ಎರಡನೇ ಬಸುರು, ಎಂಟನೇ ತಿಂಗಳು. ಮನೆಯಲ್ಲಿ ಆಗ ಮೂರು ವರ್ಷದ ಒಬ್ಬ ಮಗ. ಮೊದಲು ಜ್ವರ, ಊಟ ಸೇರ್ಲಿಲ್ಲ, ವಾಂತಿ, ನಾಲ್ಕನೇ ದಿನಕ್ಕೆ ಕಣ್ಣು ಹಳದಿ. ನೆಲನೆಲ್ಲಿ ಅರೆದು ಹಾಲಲ್ಲಿ ಕೊಟ್ರು, ನಮ್ಮ ಕಡೆ ಕಾಮಾಲೆಗೆ ಅದೇ, ಮಲಯಾಳದವರಿಗೂ ಅದೇ, ಮಂಞಪಿತ್ತಕ್ಕೆ ಕೀಳಾರ್ನೆಲ್ಲಿ. ಅದೇ ಹೊತ್ತಿಗೆ ಮನೆಯಲ್ಲಿ ಭಾವನವರಿಗೂ ಇನ್ನೊಬ್ಬ ಮೈದುನನಿಗೂ ಕಾಮಾಲೆ ಆಗಿತ್ತು, ಅವರಿಬ್ರಿಗೂ ಎರಡು ವಾರದಲ್ಲಿ ವಾಸಿ ಆಯ್ತು. ದೊಡ್ಡಮ್ಮ ಆರನೇ ದಿನಕ್ಕೆ ಏನೇನೋ ಮಾತಾಡ್ಲಿಕ್ಕೆ ಶುರು ಮಾಡಿದಳು, ಸ್ವಂತ ಮಗನ ಗುರುತು ಹಿಡೀಲಿಲ್ಲ. ಮಾರನೇ ದಿನ ಜೀಪಲ್ಲಿ ಮಂಗಳೂರಿಗೆ ಹೋಗುವಾಗ ದಾರಿಯಲ್ಲೇ ಹೋದಳು. ಯಾರೋ ಮದ್ದು ಹಾಕಿದ್ದು ಅಂತ ಊರಲ್ಲಿ ಮಾತಾಯ್ತು, ಒಂದೇ ಮನೆಯಲ್ಲಿ ಗಂಡಸರಿಗೆ ವಾಸಿ ಆದದ್ದು ಅವಳಿಗೆ ಯಾಕೆ ಆಗ್ಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಇರ್ಲಿಲ್ಲ. ಪಾಪದ ಒಬ್ಬ ಹೆಂಗಸಿನ ಮೇಲೆ ಆ ಅಪವಾದ ಕೂತು ಅವಳು ಸಾಯುವವರೆಗೂ ಏಳಲಿಲ್ಲ.

ಉತ್ತರ ಉಂಟು. ನೀರಿನಿಂದ ಬರುವ ಕಾಮಾಲೆಯಲ್ಲಿ ಹೆಪಟೈಟಿಸ್ ಇ ಅಂತ ಒಂದು. ಬೇರೆಯವರನ್ನು ಅದು ಎರಡು ಮೂರು ವಾರ ಮಲಗಿಸಿ ಬಿಟ್ಟುಬಿಡ್ತದೆ, ಆದ್ರೆ ಕೊನೆಯ ಮೂರು ತಿಂಗಳಲ್ಲಿರುವ ಬಸುರಿಗೆ ಬಂದ್ರೆ ನೂರರಲ್ಲಿ ಇಪ್ಪತ್ತು ಇಪ್ಪತ್ತೈದು ಜನರವರೆಗೆ ಜೀವ ತೆಗೀತದೆ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ಪ್ರವಾಹ ಇಳಿದ ಮೇಲೆ ಚರಂಡಿ ನೀರು ಕುಡಿಯುವ ನೀರಿಗೆ ಸೇರಿ ಇಪ್ಪತ್ತೊಂಬತ್ತು ಸಾವಿರದಷ್ಟು ಜನರಿಗೆ ಕಾಮಾಲೆ ಆಯ್ತು, ಆಗ ಯಾವ ವೈರಸ್ ಅಂತ ಗೊತ್ತಾಗ್ಲಿಲ್ಲ. 1978ರಲ್ಲಿ ಕಾಶ್ಮೀರದಲ್ಲಿ ಹಾಗೇ ಹಬ್ಬಿದಾಗ ಡಾಕ್ಟರ್ ಮೊಹಮ್ಮದ್ ಖುರೂ ಅವರು ಹಳ್ಳಿ ಹಳ್ಳಿ ನೋಡಿ, ಇದು ಗೊತ್ತಿರುವ ಎ ಅಲ್ಲ ಬಿ ಅಲ್ಲ, ಬೇರೆ ಯಾವುದೋ, ಬಸುರಿಯರನ್ನೇ ಹೆಚ್ಚು ಕೊಲ್ತದೆ ಅಂತ ಬರೆದ್ರು. 1983ರಲ್ಲಿ ರಷ್ಯಾದ ಬಾಲಯಾನ್ ಅನ್ನುವ ವಿಜ್ಞಾನಿ ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾನೇ ಕುಡಿದು, ತನಗೇ ಕಾಮಾಲೆ ಬರಿಸಿಕೊಂಡು, ತನ್ನದೇ ಮಲದಲ್ಲಿ ಆ ವೈರಸ್ಸನ್ನು ಮೈಕ್ರೋಸ್ಕೋಪಿನಲ್ಲಿ ಕಂಡ. ಓದುವಾಗ ಓಕರಿಕೆ ಬಂತು, ಆಮೇಲೆ ಗೌರವ ಬಂತು. ದೊಡ್ಡಮ್ಮ ಹೋದ ವರ್ಷ ಆ ವೈರಸ್ಸಿಗೆ ಹೆಸರು ಕೂಡ ಇಟ್ಟಿರ್ಲಿಲ್ಲ. ರಕ್ತಪರೀಕ್ಷೆ ಆಗದ ಸಾವಿಗೆ ನಲ್ವತ್ತು ವರ್ಷ ಕಳೆದು ಹೆಸರಿಡ್ಲಿಕ್ಕೆ ನಾನು ಡಾಕ್ಟ್ರಲ್ಲ, ಆದ್ರೆ ಮದ್ದು ಹಾಕಿದವರು ಯಾರೂ ಇಲ್ಲ ಅಂತ ಹೇಳುವಷ್ಟು ಧೈರ್ಯ ನನಗುಂಟು.

ನಮ್ಮಲ್ಲಿ ಸುರಂಗದ ನೀರು ಅಂದ್ರೆ ಹೆಮ್ಮೆ. ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದು ತೆಗೆದ ನೀರು, ಕನ್ನಡಿ ಹಾಗೆ ಇರ್ತದೆ, ಕುದಿಸಿದ್ರೆ ರುಚಿ ಹೋಗ್ತದೆ ಅಂತ ಹಿರಿಯರು. ಬಾವಿ ಪಕ್ಕದಲ್ಲೇ ಕಕ್ಕಸಿನ ಗುಂಡಿ ಇದ್ದು ಜಡಿಮಳೆ ಹೊಯ್ದರೆ ಕನ್ನಡಿಯಂಥ ನೀರಲ್ಲೂ ಎಂತ ಉಂಟು ಅಂತ ಕಣ್ಣಿಗೆ ಕಾಣುದಿಲ್ಲ. ಮದುವೆ ಮನೆಯಲ್ಲಿ ಇನ್ನೊಂದು ಚಂದ, ಜೀರಿಗೆ ಹಾಕಿ ನೀರು ಕುದಿಸ್ತಾರೆ, ಬಡಿಸ್ಲಿಕ್ಕೆ ಬಿಸಿ ಆಯ್ತು ಅಂತ ಅದಕ್ಕೆ ನಾಲ್ಕು ಕೊಡಪಾನ ತಣ್ಣೀರು ಹೊಯ್ತಾರೆ. ಬಣ್ಣ ಉಂಟು, ಪರಿಮಳ ಉಂಟು, ಕುದಿಸಿದ್ದು ಮಾತ್ರ ದಂಡ.

ಇನ್ನೊಂದು ನನ್ನ ಗೆಳತಿಯದ್ದು, ಕಾಲೇಜಲ್ಲಿ ಒಟ್ಟಿಗೆ ಇದ್ದವಳು, ಉಪ್ಪಳದ ಕಡೆ ಕೊಟ್ಟದ್ದು. 33ನೇ ವಾರದಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ತಲೆನೋವು. ಗ್ಯಾಸ್ಟ್ರಿಕ್ ಅಂದ್ರು ಮನೆಯಲ್ಲಿ. ನಮ್ಮಲ್ಲಿ ಹಾರ್ಟ್ ಅಟ್ಯಾಕೂ ಮೊದಲು ಗ್ಯಾಸ್ಟ್ರಿಕ್ಕೇ ಅಲ್ವಾ, ಈನೋ ಕುಡಿಸಿ ಮಲಗಿಸಿದ್ರು. ಬೆಳಗ್ಗೆ ಬಿಪಿ 170. ಹೆಲ್ಪ್ ಸಿಂಡ್ರೋಮ್ ಅಂತ ಅದರ ಹೆಸರು, 1982ರಲ್ಲಿ ಅಮೆರಿಕದ ಡಾಕ್ಟರ್ ವೈನ್‌ಸ್ಟೈನ್ ಇಟ್ಟದ್ದು, ರಕ್ತಕಣ ಒಡೆಯೋದು, ಲಿವರಿನ ಎನ್‌ಜೈಮು ಏರೋದು, ಪ್ಲೇಟ್‌ಲೆಟ್ ಇಳಿಯೋದು, ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿಸಿ. ಪಕ್ಕೆಯ ಆ ನೋವು ಲಿವರ್ ಊದಿ ಅದರ ಹೊದಿಕೆ ಎಳೆಯುವ ನೋವು. ಬಿಪಿ ಏರುವ ಬಸುರಿಯರ ಕಾಯಿಲೆಯ ಜಾತಿಗೇ ಸೇರಿದ್ದು, ಹೆರಿಗೆ ಮಾಡಿಸುದೇ ಮದ್ದು. ಅವಳಿಗೆ ಫಿಟ್ಸ್ ಬಾರದ ಹಾಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಅದೇ ದಿನ ಸಿಸೇರಿಯನ್ ಮಾಡಿದ್ರು. ಮಗು ಇಪ್ಪತ್ತು ದಿನ ಐಸಿಯುವಿನಲ್ಲಿತ್ತು. ಇಬ್ರೂ ಉಳಿದ್ರು. ಹೆರಿಗೆ ಆದ ಮೇಲೂ ಮೊದಲೆರಡು ದಿನದಲ್ಲಿ ಇದು ಬರುವುದುಂಟು, ಅದಕ್ಕೇ ಬಾಣಂತಿ ಪಕ್ಕೆ ನೋವು ಅಂದ್ರೆ ಓಮದ ನೀರು ಕೊಡುವ ಮೊದಲು ಬಿಪಿ ನೋಡಿ ಮಾರಾಯ್ರೇ.

ಇದಕ್ಕಿಂತಲೂ ವಿರಳವಾದ್ದು ಒಂದುಂಟು, ಏಳು ಸಾವಿರದಿಂದ ಇಪ್ಪತ್ತು ಸಾವಿರ ಬಸುರಿಗೆ ಒಂದು ಅಂತಾರೆ, ಲಿವರಿನಲ್ಲಿ ಇದ್ದಕ್ಕಿದ್ದ ಹಾಗೆ ಕೊಬ್ಬು ತುಂಬುದು. ಕೊನೆ ತಿಂಗಳಲ್ಲಿ ನಿಲ್ಲದ ವಾಂತಿ, ತಡೆಯದ ಬಾಯಾರಿಕೆ, ರಕ್ತದಲ್ಲಿ ಸಕ್ಕರೆ ಬಿದ್ದು ಹೋಗೋದು. ಅದರಲ್ಲಿ ಕೆಲವು ಸಲ ಮೂಲ ಇರುದು ಮಗುವಿನಲ್ಲಿ, ಉದ್ದ ಸರಪಳಿಯ ಕೊಬ್ಬನ್ನು ಒಡೆಯುವ ಒಂದು ಕಿಣ್ವ ಮಗುವಿಗೆ ಇಲ್ಲದೇ ಹೋದ್ರೆ, ಅದು ಸುಡಲಾರದ ಕೊಬ್ಬು ತಾಯಿಯ ರಕ್ತಕ್ಕೆ ಬಂದು ಅವಳ ಲಿವರ್ ಹೊರ್ತದೆ. ಆ ಕೊರತೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು, ಯಾರ ತಪ್ಪೂ ಅಲ್ಲ. ಹೆತ್ತ ಕರುಳು ಅಂತೇವೆ ನಾವು. ಮಲಯಾಳದವರು ಪ್ರೀತಿಯವರನ್ನು ಕರಳೇ ಅಂತ ಕರೀತಾರೆ. ಅದು ಓದಿದ ದಿನ ನನಗೆ ಅವರ ಶಬ್ದವೇ ಹೆಚ್ಚು ಸರಿ ಅನ್ನಿಸಿತು.

ನನ್ನ ಎರಡನೇ ಬಸುರಿಗೆ ಬರ್ತೇನೆ. ಈ ಕಾಯಿಲೆ ಒಮ್ಮೆ ಬಂದ್ರೆ ಮತ್ತೊಮ್ಮೆ ಬರುವ ಸಾಧ್ಯತೆ ಹೆಚ್ಚು, ಗೊತ್ತಿದ್ದೇ ಇಳಿದದ್ದು. ಮಂಗಳೂರಿನ ಅದೇ ಡಾಕ್ಟ್ರು, ಫೈಲು ರೆಡಿ, 28 ವಾರದಿಂದ ಟೆಸ್ಟ್ ಅಂತ ಬರೆದು ಕೊಟ್ಟಿದ್ರು. 28 ವಾರ ಆದದ್ದು 2020ರ ಮಾರ್ಚ್ ಮೂರನೇ ವಾರಕ್ಕೆ.

ಮುಂದಿನದ್ದು ಈ ಕಡೆಯವರಿಗೆ ಹೇಳ್ಬೇಕಾಗಿಲ್ಲ. ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಕಾಸರಗೋಡಲ್ಲಿ ಕೋವಿಡ್ ಹೆಚ್ಚು, ಆಚೆ ಬಿಡುವ ಹಾಗಿಲ್ಲ. ದಿನಾ ಒಂದು ಸುದ್ದಿ, ಇಂಥವರನ್ನು ಗಡಿಯಿಂದ ವಾಪಸ್ ಕಳಿಸಿದ್ರಂತೆ, ಆಂಬುಲೆನ್ಸಲ್ಲೇ ಹೋದ್ರಂತೆ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಯವರನ್ನು ಬಿಡ್ಬೇಕು ಅಂತ ಹೇಳಿತು, ಅದು ಸುಪ್ರೀಂ ಕೋರ್ಟಿಗೆ ಹೋಯ್ತು, 7ಕ್ಕೆ ಎರಡೂ ರಾಜ್ಯ ಒಪ್ಪಿ ಒಂದು ಕ್ರಮ ಮಾಡಿಕೊಂಡವು. 2013ರಲ್ಲಿ ಶಿಲಾನ್ಯಾಸ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಆ ಏಪ್ರಿಲಲ್ಲಿ ಕೋವಿಡ್ ಆಸ್ಪತ್ರೆ ಆಗಿ ಬಾಗಿಲು ತೆರೆಯಿತು. ಇದೆಲ್ಲ ಆಗುವಾಗ ನಾನು ಕುಂಬಳೆಯ ಗಂಡನ ಮನೆಯಲ್ಲಿ ಕೂತು, 29ನೇ ವಾರ, ರಾತ್ರಿ ಹತ್ತು ಕಳೆದು ದೀಪ ಆರಿಸಿದೆ, ಎಡ ಅಂಗಾಲಲ್ಲಿ ಒಂದು ಚುಕ್ಕಿ ತುರಿಸಿತು. ಪ್ರಯಾಣ ಅಂತೆ.

ಇವರಿಗೆ ಹೇಳ್ಲಿಲ್ಲ ಎರಡು ದಿನ. ಹೇಳಿ ಎಂತ ಮಾಡುದು, ಮೊದಲೇ ಕೆಲ್ಸ ಹೋಗುವ ಹೆದರಿಕೆಯಲ್ಲಿದ್ರು. ಮೂರನೇ ರಾತ್ರಿ ನಾನು ನೆಲಕ್ಕೆ ಇಳಿದದ್ದು ನೋಡಿ ಅವರೇ ಎದ್ದು ಕೂತು "ಬಂತಾ?" ಅಂದ್ರು.

ಡಾಕ್ಟ್ರು ಫೋನಲ್ಲಿ. ನಮ್ಮ ಪುಣ್ಯಕ್ಕೆ ಲಿವರಿನ ರಕ್ತಪರೀಕ್ಷೆ ಎಲ್‌ಎಫ್‌ಟಿ ಇಲ್ಲೇ ಆಗ್ತದೆ, ಬೈಲ್ ಆಸಿಡ್ ಮಾತ್ರ ದೂರ ಹೋಗ್ಬೇಕು, ಕೊರಿಯರ್ ಇಲ್ಲ. ಎಸ್‌ಜಿಪಿಟಿ ಏರಿತ್ತು. ಈ ನಡುವೆ ವಿಷಯ ಕೂಡ ಸ್ವಲ್ಪ ಬದಲಾಗಿತ್ತು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ಇಂಥ ಬಸುರಿಯರ ಲೆಕ್ಕ ಒಟ್ಟು ಮಾಡಿ ನೋಡಿದ್ರು. ಬೈಲ್ ಆಸಿಡ್ 40ರ ಕೆಳಗೆ ಇದ್ರೆ ಮಗು ಹೊಟ್ಟೆಯಲ್ಲೇ ಹೋಗುವುದು ಶೇಕಡಾ 0.13, 40ರಿಂದ 99ರವರೆಗೆ 0.28, ನೂರು ಮುಟ್ಟಿದ್ರೆ 3.44. ಅಂದ್ರೆ ನೂರರ ಆಚೆಗೆ ಗಡಿ. ಅದೇ ವರ್ಷ ಇಂಗ್ಲೆಂಡಿನವರು 605 ಜನರಲ್ಲಿ ಉರ್ಸೋ ಮಾತ್ರೆಯನ್ನು ಸುಳ್ಳುಮಾತ್ರೆಯ ಜೊತೆ ಹೋಲಿಸಿ ನೋಡಿದ್ರು, ಮಗುವಿನ ಅಪಾಯವನ್ನು ಅದೇನೂ ತಗ್ಗಿಸುದಿಲ್ಲ, ತುರಿಕೆ ಚೂರೇ ಚೂರು ಕಮ್ಮಿ ಅಂತ ಬಂತು. ಡಾಕ್ಟ್ರು ಇದೆರಡನ್ನೂ ಮುಚ್ಚಿಡದೇ ಹೇಳಿದ್ರು. ಮೊದಲ ಬಸುರಲ್ಲಿ ನಾನು ಆ ಮಾತ್ರೆಯನ್ನು ದೇವರ ಪ್ರಸಾದದ ಹಾಗೆ ಹೊತ್ತಿಗೆ ಸರಿಯಾಗಿ ನುಂಗಿದ್ದೆ. ಪ್ರಸಾದ ಅಲ್ಲ ಅಂತ ಗೊತ್ತಾದ ಮೇಲೂ ನುಂಗಿದೆ, ಯಾಕಂದ್ರೆ ಚೂರೇ ಚೂರು ಕೂಡ ನನಗೆ ಬೇಕಿತ್ತು.

ಇನ್ನೊಂದು ವಿಷಯ ಕೇಳಿ ಕೈಕಾಲು ತಣ್ಣಗಾದದ್ದು. ಮಗುವಿನ ಹೃದಯ ಬಡಿತದ ಟೆಸ್ಟ್ ಇವತ್ತು ಸರಿ ಬಂದ್ರೆ ಇವತ್ತಿನ ಮಟ್ಟಿಗೆ ಸರಿ ಅಷ್ಟೆ, ಈ ಕಾಯಿಲೆಯಲ್ಲಿ ನಾಳೆ ಎಂತ ಅಂತ ಅದು ಮೊದಲೇ ತಿಳಿಸುದಿಲ್ಲ. ಆದ್ರೂ ಒದೆತ ಗಮನಿಸಿ, ಕಡಿಮೆ ಆಯ್ತು ಅನ್ನಿಸಿದ್ರೆ ಕಾಯ್ಬೇಡಿ, ಕೂಡಲೇ ಬನ್ನಿ ಅಂದ್ರು. ಎಲ್ಲಿಗೆ ಬರೋದು? ಹಾಗಾಗಿ ಕಾಸರಗೋಡಿನ ಕಡೆಯೇ ಒಬ್ರು ಡಾಕ್ಟ್ರನ್ನು ಹಿಡಿದು, ಮಂಗಳೂರಿನ ಫೈಲನ್ನು ವಾಟ್ಸಾಪಲ್ಲಿ ಕಳಿಸಿ, ಇಬ್ರು ಡಾಕ್ಟ್ರೂ ಮಾತಾಡಿಕೊಂಡ್ರು. ಗಡಿ ದಾಟುವ ಕಾಗದ ಆಮೇಲೆ ಸಿಗ್ತಿತ್ತು, ಆದ್ರೆ ನಡುರಾತ್ರಿ ಕಾಗದ ಹಿಡ್ಕೊಂಡು ತಲಪಾಡಿಯಲ್ಲಿ ನಿಲ್ಲುವ ಧೈರ್ಯ ನಮಗಿರ್ಲಿಲ್ಲ.

ಅಮ್ಮನಿಗೆ ಬರ್ಲಿಕ್ಕಾಗ್ಲಿಲ್ಲ, ಪೆರ್ಲದಿಂದ ಕುಂಬಳೆಗೆ ಪೊಲೀಸ್ ತಡೆ. ಅತ್ತೆ ಇದ್ರು. ಅತ್ತೆ ಮಾತು ಕಮ್ಮಿಯವರು, ಮೊದಲ ಸಲ ನಾನು ತುರಿಕೆ ಅಂದಾಗ "ನಾನು ಐದು ಹೆತ್ತಿದ್ದೇನೆ" ಅಂತ ಒಂದೇ ಮಾತು ಹೇಳಿದವರು. ಈ ಸಲ ಎಂತದೂ ಹೇಳದೇ ರಾತ್ರಿ ಹನ್ನೊಂದಕ್ಕೆ ಬಂದು ನನ್ನ ಕಾಲ ಹತ್ರ ಕೂತು ಒದ್ದೆ ಬೈರಾಸು ಸುತ್ತಿ, ಅದು ಬಿಸಿ ಆದ ಕೂಡಲೇ ಇನ್ನೊಂದು ಬೈರಾಸು, ಹೀಗೆ ಎರಡು ಗಂಟೆವರೆಗೆ. ಐವತ್ತು ದಿನ. ನಿದ್ದೆ ಮಾಡಿ ಅತ್ತೆ ಅಂದ್ರೆ ನನಗೆ ವಯಸ್ಸಾಯ್ತು ನಿದ್ದೆ ಬರುದಿಲ್ಲ ಅಂತ ಸುಳ್ಳು. ಕೂತಲ್ಲೇ ತೂಕಡಿಸ್ತಿದ್ರು, ಕೈ ಮಾತ್ರ ಬೈರಾಸು ಹಿಂಡ್ತಾ ಇತ್ತು.

ಏಪ್ರಿಲ್ ಕೊನೆಗೆ ಬೈಲ್ ಆಸಿಡ್ ಕಳಿಸ್ಲಿಕ್ಕಾಯ್ತು, 38. ಮೇ ಎರಡನೇ ವಾರ 71. ನೂರಕ್ಕೆ ಎಷ್ಟು ಬಾಕಿ ಅಂತ ನಾನು ಗೋಡೆ ಕ್ಯಾಲೆಂಡರಿನಲ್ಲಿ ಲೆಕ್ಕ ಹಾಕ್ತಾ ಇದ್ದೆ, ಹಾಗೆ ಲೆಕ್ಕ ಹಾಕಿದ್ರೆ ಪ್ರಯೋಜನ ಇಲ್ಲ, ಅದು ಒಂದು ವಾರದಲ್ಲಿ ಎಲ್ಲಿಂದ ಎಲ್ಲಿಗೂ ಹಾರ್ಬಹುದು. 37 ವಾರ ತುಂಬಿದ ದಿನ ನೋವು ಬರಿಸಿದ್ರು. ಮುಖಕ್ಕೆ ಮಾಸ್ಕ್, ಹೊರಗೆ ಯಾರೂ ಇರುವ ಹಾಗಿಲ್ಲ, ನೋವಿನ ಕೊನೆಯಲ್ಲಿ ಸಿಸ್ಟರ್ "ಮೋಳೇ, ಒನ್ನೂಡೆ" ಅಂತ ಕೂಗ್ತಾ ಇದ್ರು, ಇನ್ನೊಮ್ಮೆ ಮಗಳೇ ಅಂತ. ಗಂಡು. ಹುಟ್ಟಿದ ಕೂಡಲೇ ಅತ್ತ. ವಿಟಮಿನ್ ಕೆ ಇಂಜೆಕ್ಷನ್, ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿಯ ಮೊದಲ ಡೋಸು, ಇದೆರಡು ಎಲ್ಲ ಮಕ್ಕಳಿಗೂ ಉಂಟು, ಇವನಿಗೂ ಆಯ್ತು. ಆರು ವಾರ ಕಳೆದು ನನ್ನ ಎಲ್‌ಎಫ್‌ಟಿ ಪುನಃ ಮಾಡಿ ಎಲ್ಲ ಇಳಿದದ್ದು ನೋಡಿಯೇ ಫೈಲು ಮುಚ್ಚಿದ್ದು. ಇಳಿಯದಿದ್ರೆ ಅದು ಬಸುರಿನ ಕಾಯಿಲೆ ಅಲ್ಲ, ಲಿವರಿನಲ್ಲಿ ಬೇರೆ ಎಂತದೋ ಇದೆ ಅಂತ ಹುಡುಕ್ಬೇಕಂತೆ. ಮುಂದೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ನಮ್ಮಂಥವರಿಗೆ ಸ್ವಲ್ಪ ಹೆಚ್ಚು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳುವ ಮೊದಲು ಈ ಕಥೆ ಹೇಳ್ಬೇಕು ಅಂತ ಕಾರ್ಡಿನ ಮೇಲೆ ಕೆಂಪು ಪೆನ್ನಲ್ಲಿ ಬರೆದು ಕೊಟ್ಟಿದ್ದಾರೆ. ಆ ಕಾರ್ಡು ಅಕ್ಕಿ ಡಬ್ಬದ ಹಿಂದೆ, ಆಧಾರ್ ಕಾರ್ಡಿನ ಒಟ್ಟಿಗೆ ಇಟ್ಟಿದ್ದೇನೆ.

ಇದನ್ನೆಲ್ಲ ಈಗ ಬರೀಲಿಕ್ಕೆ ಕಾರಣ ಮೊನ್ನೆ ಬಂದ ಒಂದು ಫೋನು. ದೊಡ್ಡಮ್ಮ ಗುರುತು ಹಿಡಿಯದೇ ಹೋದ ಆ ಮೂರು ವರ್ಷದ ಹುಡುಗ ಈಗ ಮುಳ್ಳೇರಿಯದಲ್ಲಿದ್ದಾನೆ, ನನ್ನ ಅಣ್ಣ, ಅವನ ಮಗಳಿಗೆ ಏಳನೇ ತಿಂಗಳು. ರಾತ್ರಿ ಹತ್ತೂವರೆಗೆ ಮಾಡಿದ್ಲು. "ಅತ್ತೆ, ನೀವು ಮಲಗಿದ್ರಾ? ನಗ್ಬೇಡಿ ಆಯ್ತಾ, ನನಗೆ ಅಂಗಾಲು ತುರಿಸ್ತಾ ಉಂಟು."

ನಗ್ಲಿಲ್ಲ. ಎಷ್ಟು ವಾರ ಅಂತ ಕೇಳಿದೆ. 30. ಗುಳ್ಳೆ ಉಂಟಾ, ಇಲ್ಲ. ಮೂತ್ರ? ಮಾಮೂಲು. ಮರುದಿನವೇ ಟೆಸ್ಟ್ ಮಾಡಿಸಿದ್ಲು, ಎಸ್‌ಜಿಪಿಟಿ 22, ಬೈಲ್ ಆಸಿಡ್ ಕೂಡ ಸರಿಯೇ ಇತ್ತು. ಅಣ್ಣ ಫೋನ್ ಮಾಡಿ "ಸುಮ್ಮನೆ ಹೆದರಿಸಿದಿ ಮಾರಾಯ್ತಿ, ಸಾವಿರದ ಚಿಲ್ಲರೆ ಹೋಯ್ತು" ಅಂತ ನೆಗಾಡಿದ. ಆದ್ರೆ ಕೆಲವರಲ್ಲಿ ತುರಿಕೆ ಮೊದಲು ಬರ್ತದೆ, ರಕ್ತದಲ್ಲಿ ಕಾಣುದು ಒಂದೆರಡು ವಾರ ಕಳೆದು, ಅದಕ್ಕೆ ತುರಿಕೆ ನಿಲ್ಲದಿದ್ರೆ ಪುನಃ ಮಾಡಿಸ್ಬೇಕು. ಅದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟನೇ ತಾರೀಕಿಗೆ ಅಂತ ಕೇಳಿದ.

ಎರಡನೇ ಟೆಸ್ಟ್ ಬರುವ ಗುರುವಾರ.